ಗ್ರಾಂ ಲೆಕ್ಕದ ಗಂಡುಗಲಿಗಳು

ತಮ್ಮನ ಮಗ ಬೆಂಗಳೂರಿನಿಂದ ನಮ್ಮೂರು ತ್ಯಾಗಲಿಗೆ ಬಂದ. ಸಾಮಾನೆಲ್ಲ ಹೊರತೆಗೆದು ಜಗಲಿಯ ಮೇಲೆ ಖಾಲಿ ಚೀಲ ಇಟ್ಟ. ‘ದೊಡ್ಡಪ್ಪಾ, ಎತ್ತಿ ನೋಡು. ಬರೀ 400 ಗ್ರಾಂ!’ ಎಂದ. ಎತ್ತಿದೆ. ಹೌದು, ಏನೂ ಇಲ್ಲ. ಬೆಲೆ ಕೇಳಿದೆ. ಮೂವತ್ತು ಸಾವಿರ.

ಗ್ರಾಮಿಗೆ ಎಪ್ಪತ್ತೈದು ರೂಪಾಯಿ ಬಿತ್ತು. ಚಾಲಿ ಅಡಿಕೆಗೆ ಆ ದರ ಸಿಕ್ಕಿದ್ದರೆ ನಾನು ಇಡೀ ತ್ಯಾಗಲಿಯನ್ನೇ ಕೊಳ್ಳುತ್ತಿದ್ದೆ.

ಇವನು ಬಂಡೆ ಹತ್ತುವವನು. ಒಂದು ವಾರ ರಾಮನಗರದ ಕಲ್ಲು, ಇನ್ನೊಂದು ವಾರ ಬಾದಾಮಿಯ ಕಲ್ಲು. ಹತ್ತುವವನಿಗೆ ಬೆನ್ನ ಮೇಲಿನ ಪ್ರತಿ ಗ್ರಾಮೂ ಶತ್ರುವಂತೆ. ಒಪ್ಪೋಣ. ಆದರೆ ಈ ಲೆಕ್ಕವನ್ನು ಬಂಡೆಗೆ ಯಾರೂ ಹೇಳಿಲ್ಲ.

ಚೀಲದ ತೂಕ ಅದರ ಬಟ್ಟೆಯ ನೂಲಿನಲ್ಲಿದೆ. ಆ ನೂಲಿನ ದಪ್ಪಕ್ಕೆ ಡೆನಿಯರ್ ಎಂಬ ಅಳತೆಯಿದೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. 30 ಡೆನಿಯರ್ ಎಂದರೆ ಒಂಬತ್ತು ಕಿಲೋಮೀಟರ್ ನೂಲಿಗೆ ಮೂವತ್ತೇ ಗ್ರಾಂ. ನಮ್ಮನೆ ಕವಳದ ಸಂಚಿ ಅದಕ್ಕಿಂತ ಭಾರ. ಹಳೆಯ ಗಟ್ಟಿ ಚೀಲಗಳದ್ದು 500, 1,000 ಡೆನಿಯರ್ ಬಟ್ಟೆ. ಅವು ಎರಡು ಕೆಜಿ ತೂಗುತ್ತಿದ್ದವು. ಅಪ್ಪ ಹೊತ್ತದ್ದನ್ನು ಮಗ ಹೊರುತ್ತಿದ್ದ. ಈಗಿನವು ತೂಗುವುದೂ ಇಲ್ಲ, ಬಾಳುವುದೂ ಇಲ್ಲ.

‘ಇದು ನೈಲಾನ್ ಅಲ್ಲ, ಡೈನೀಮಾ. ತೂಕಕ್ಕೆ ತೂಕ ಇಟ್ರೆ ಉಕ್ಕಿಗಿಂತ ಗಟ್ಟಿ’ ಎಂದ. ನಿಜವೇ. ಎಳೆದರೆ ಗಟ್ಟಿ. ಉಜ್ಜಿದರೆ? ತೆಳು ಪ್ಲಾಸ್ಟಿಕ್ ಪದರಗಳ ನಡುವೆ ಆ ಎಳೆಗಳನ್ನು ಅಂಟಿಸಿದ ಈ ಬಟ್ಟೆ ಮೊದಲು ಹುಟ್ಟಿದ್ದು ಪಂದ್ಯದ ದೋಣಿಗಳ ಹಾಯಿಗೆ. ಹಾಯಿಗೆ ಗಾಳಿ ತಾಗುತ್ತದೆ. ಬಾದಾಮಿಯ ಮರಳುಗಲ್ಲು ತಾಗುವುದಿಲ್ಲ.

ಇವನು ಬಾದಾಮಿಯಲ್ಲಿ ಹಗ್ಗ ಕಟ್ಟಿ ಚೀಲವನ್ನು ಮೇಲೆಳೆದನಂತೆ. ಚೀಲ ಬಂತು. ತಳ ಬರಲಿಲ್ಲ.

ಅಂದರೆ ಜಗಲಿಯ ಮೇಲಿರುವುದು ಎರಡನೆಯದು.

‘ಹೊಲಿಸಲಾಗಿತ್ತಲ್ಲೋ?’

‘ಹೊಲಿಯಲೆ ಆಗ್ತಿಲ್ಲೆ ದೊಡ್ಡಪ್ಪಾ. ಸೂಜಿ ತೂತಿಂದ್ಲೇ ಮತ್ತೆ ಹರೀತು.’

ಹಳೆಯದು ಕಸಕ್ಕೆ ಹೋಯಿತು. ಹೊಸದರ ಮೇಲೆ ‘ಪ್ರಕೃತಿ ಉಳಿಸಿ’ ಎಂಬ ಸ್ಟಿಕರ್ ಇದೆ. ಅದರ ತೂಕ ಲೆಕ್ಕಕ್ಕಿಲ್ಲ. ಅದು ಪುಣ್ಯದ ಖಾತೆ.

ಹಗುರವಾಗಿ ನಡೆಯುವುದು ಹೊಸದೇನಲ್ಲ. 1955ರಲ್ಲಿ ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ ಅಪಲಾಚಿಯನ್ ಟ್ರೇಲ್ ಎಂಬ ಬೆಟ್ಟದ ದಾರಿಯನ್ನು ಒಬ್ಬಳೇ ನಡೆದು ಮುಗಿಸಿದಳು. 3,000 ಕಿಲೋಮೀಟರಿಗೂ ಹೆಚ್ಚು. ಹೆಗಲಿಗೆ ತಾನೇ ಹೊಲಿದ ಡೆನಿಮ್ ಚೀಲ. ಚೀಲ ಗಟ್ಟಿ, ಒಳಗಿನ ಸಾಮಾನು ಕಡಿಮೆ. ನಮ್ಮವನದು ತಿರುಗುಮುರುಗು. ಚೀಲ ಹಗುರ, ಒಳಗೆ ಡ್ರೋನ್, ಟ್ರೈಪಾಡ್, ಎರಡು ಪವರ್ ಬ್ಯಾಂಕ್. ಹತ್ತಿದ್ದಕ್ಕೆ ಸಾಕ್ಷಿಯೇ ಹತ್ತುವ ಸಾಮಾನಿಗಿಂತ ಭಾರ.

ತಳಕ್ಕೂ ಎಳೆಯುವ ಕೊಂಡಿಗೂ ದಪ್ಪ ಬಟ್ಟೆ ಹಾಕಿದರೆ ಹೆಚ್ಚುವ ತೂಕ ಕಾಲು ಲೀಟರ್ ನೀರಿನಷ್ಟೂ ಅಲ್ಲ. ಇದು ಎಲ್ಲರಿಗೂ ಗೊತ್ತು. ಆದರೆ ಆ ಕಾಲು ಲೀಟರ್ ಹೆಚ್ಚಿದರೆ ಗೆಳೆಯರೆದುರು ಮಾನ ಹೋಗುತ್ತದೆ.

ಹೊರಡುವ ದಿನ ಅವನ ಅಮ್ಮ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ತುರುಕಿದಳು. ಹೆಗಲಪಟ್ಟಿ ಟರ್ರೆಂದಿತು. ಉಕ್ಕನ್ನು ಸೋಲಿಸಿದ ಚೀಲ ಉಪ್ಪಿನಕಾಯಿಗೆ ಸೋತಿತು.

ಅದೇ ಹೊತ್ತಿಗೆ ತೋಟದಲ್ಲಿ ಅಡಿಕೆ ಕೊನೆ ಇಳಿಸುವ ಕೊನೆಗೌಡ ಮರದ ಮೇಲಿದ್ದ. ಕಾಲಿಗೆ ತಳೆ, ಕೂರಲು ಮಣೆ, ಸೊಂಟಕ್ಕೆ ಕತ್ತಿ. ಮುಗಿಯಿತು ಸಾಮಾನು. ತುದಿಯಲ್ಲಿ ಕೂತು ಮರ ಬಗ್ಗಿಸಿ ಪಕ್ಕದ ಮರಕ್ಕೆ ದಾಟುತ್ತಾನೆ. ಡ್ರೋನ್ ಹಾರುವುದಿಲ್ಲ. ಇವನು ಹತ್ತುವುದಕ್ಕೆ ಸಾಹಸ ಎಂಬ ಹೆಸರಿಲ್ಲ. ಕೂಲಿ ಎಂಬ ಹೆಸರಿದೆ.

ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ಮರ ಹತ್ತುವುದೇ ಬೇಡ, ನೆಲದಲ್ಲೇ ನಿಂತು ಕೊನೆ ಇಳಿಸಿ. ಹಗುರ, ಒಳ್ಳೆಯದೇ. ಆದರೆ ಕಾರ್ಬನ್ ವಿದ್ಯುತ್ತನ್ನು ಹರಿಸುತ್ತದೆ. ತೋಟದ ಮೇಲೆ ಹಾದ ತಂತಿಗೆ ತಾಗಿದರೆ, ದೋಟಿಗಿಂತ ಹಿಡಿದವನ ಪ್ರಾಣವೇ ಹಗುರ.

ಭಾರ ಮಾಯವಾಗುವುದಿಲ್ಲ. ಹೆಗಲು ಬದಲಿಸುತ್ತದೆ.

ಸಂಜೆ ಕೊನೆಗೌಡ ಅಂಗಳಕ್ಕೆ ಬಂದ. ‘ಹೆಗಡೇರೆ, ಮಣೆ ಹಗ್ಗ ಸವ್ದದೆ’ ಎಂದ.

‘ಈ ಕೊಯ್ಲೊಂದು ಸುಧಾರಿಸು ಮಾರಾಯ’ ಎಂಬ ಉತ್ತರ ಬಂತು.

ಹೇಳಿದವನು ನಾನೇ. ಬೆಳಗಿನಿಂದ ಹುಡುಗನಿಗೆ ಬಾಳಿಕೆಯ ಬಗ್ಗೆ ಭಾಷಣ ಬಿಗಿದವನೂ ನಾನೇ. ಅವನು ದುಡ್ಡು ಕೊಟ್ಟು ಸವಕಲು ಕೊಂಡ. ನಾನು ದುಡ್ಡು ಉಳಿಸಲು ಇನ್ನೊಬ್ಬನನ್ನು ಸವಕಲಿನ ಮೇಲೆ ಕೂರಿಸಿದೆ.

ಹುಡುಗನ ಚೀಲ ಹರಿದರೆ ಉಪ್ಪಿನಕಾಯಿ ಚೆಲ್ಲುತ್ತದೆ. ಮಣೆ ಹಗ್ಗ ಹರಿದರೆ ಬೀಳುವುದು ಮನುಷ್ಯ.

ತೋಟವಿರುವ ಮಹನೀಯರೇ, ಬೆಂಗಳೂರಿನ ಹುಡುಗರನ್ನು ನೋಡಿ ಆಮೇಲೆ ನಗೋಣ. ನಾಳೆ ಪೇಟೆಗೆ ಹೋದಾಗ ಹೊಸ ಹಗ್ಗ ತನ್ನಿ. ದಪ್ಪದ್ದೇ ತನ್ನಿ.