ಸೇವೆ ಮಾಡಿಸಿಕೊಳ್ಳುವವರು

ಸೇವೆ ಮಾಡುವುದು ಎಷ್ಟು ಕಷ್ಟ ಎಂಬುದರ ಮೇಲೆ ಭಾಷಣಗಳಾಗಿವೆ, ಸನ್ಮಾನಗಳಾಗಿವೆ. ಮಾಡಿಸಿಕೊಳ್ಳುವವರ ಪಾಡನ್ನು ಮಾತ್ರ ಯಾರೂ ವಿಚಾರಿಸಿದ್ದಿಲ್ಲ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಮುಖ್ಯಶಿಕ್ಷಕನಾಗಿ ಈ ವಿಷಯದಲ್ಲಿ ನಾಲ್ಕು ಮಾತಾಡುವ ಅಧಿಕಾರ ನನಗಿದೆ. ಬೆಂಗಳೂರಿನ ಕಂಪನಿಗಳಿಗೆ ಸಮಾಜಸೇವೆಯ ಹುಕಿ ಬಂದಾಗಲೆಲ್ಲ ಅದು ಬಸ್ಸು ಹತ್ತಿ ಬಂದು ಇಳಿಯುವುದು ನಮ್ಮ ಶಾಲೆಯ ಅಂಗಳದಲ್ಲೇ.

ನಮ್ಮ ಶಾಲೆ ತೀರಾ ಬಡವಾಗಿದೆ ಎಂದು ಅವರು ಬರುವುದಲ್ಲ. ನಮಗಿಂತ ಬಡವಾದ ಶಾಲೆಗಳು ರಾಜ್ಯದಲ್ಲಿ ಬೇಕಾದಷ್ಟಿವೆ. ನಾವಿರುವುದು ಬಿಡದಿಯಿಂದ ಮಾಗಡಿಗೆ ಹೋಗುವ ದಿಕ್ಕಿನಲ್ಲಿ. ಬೆಳಗ್ಗೆ ಬಿಡದಿಯಲ್ಲಿ ತಟ್ಟೆ ಇಡ್ಲಿ, ಸಂಜೆ ಸಾವನದುರ್ಗ, ನಡುವೆ ಉಳಿಯುವ ನಾಲ್ಕು ಗಂಟೆ ದೇಶಕ್ಕೆ. 1638ರಲ್ಲಿ ಬೆಂಗಳೂರು ಬಿಜಾಪುರದವರ ಪಾಲಾದಾಗ ಕೆಂಪೇಗೌಡರ ವಂಶದವರು ಮಾಗಡಿಗೆ ಬಂದು ನೆಲೆಸಿದರು. ಬೆಂಗಳೂರಿನಲ್ಲಿ ನೆಮ್ಮದಿ ಕೆಟ್ಟವರು ಈ ಕಡೆ ಮುಖ ಮಾಡುವುದು ಅಂದಿನಿಂದ ನಡೆದುಬಂದ ಪದ್ಧತಿ ಎಂದುಕೊಂಡು ನಾವೂ ಬಾಗಿಲು ತೆರೆದಿಟ್ಟಿದ್ದೇವೆ.

ನನ್ನ ಜೊತೆ ಟಿಸಿಎಚ್ ಓದಿದ ಗೆಳೆಯನೊಬ್ಬ ಯಾದಗಿರಿ ಜಿಲ್ಲೆಯಲ್ಲಿ ಮೇಷ್ಟ್ರು. ಆಗಾಗ ಫೋನು ಮಾಡುತ್ತಾನೆ. 'ನಮ್ಮ ಕಡೀಗೂ ಒಂದು ಟೀಮ್ ಕಳಸೋ ದೋಸ್ತ. ನಿಮ್ಮ ಗ್ವಾಡಿ ಮ್ಯಾಲ ಜಾಗಾ ಇಲ್ಲ ಅಂತಿ, ನಮ್ಮ ಗ್ವಾಡಿ ಪೂರಾ ಖಾಲಿ ಅದ.' ನಾನು ಒಂದಿಬ್ಬರು ತಂಡದ ನಾಯಕರ ಹತ್ತಿರ ಪ್ರಸ್ತಾಪಿಸಿಯೂ ನೋಡಿದೆ. 'ಸಂಜೆ ವಾಪಸ್ ಬರೋದಕ್ಕಾಗುತ್ತಾ ಸರ್?' ಎಂದರು. ಆಗುವುದಿಲ್ಲ. ಅಲ್ಲಿಗೆ ಯಾದಗಿರಿಯ ಗೋಡೆ ಖಾಲಿ ಉಳಿಯಿತು.

ನಮ್ಮ ಗೋಡೆಗಳ ಕಥೆಯೇ ಬೇರೆ. ಅವು ಈಗ ನಿಂತಿರುವುದು ಇಟ್ಟಿಗೆಯ ಬಲದಿಂದಲೋ ಬಣ್ಣದ ಪದರಗಳ ಬಲದಿಂದಲೋ ಹೇಳುವುದು ಕಷ್ಟ. ಬಂದ ತಂಡಕ್ಕೆಲ್ಲ ಗೋಡೆಯೇ ಬೇಕು. ಮಾಡಿದ ಕೆಲಸ ಕಣ್ಣಿಗೆ ಕಾಣುತ್ತದೆ, ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಬಹುದು, ಗೋಡೆ ಎದುರು ಪ್ರಶ್ನೆ ಕೇಳುವುದಿಲ್ಲ. ಒಂದು ತಂಡ ಬಂದು ಸೌರಮಂಡಲ ಬರೆಯಿತು, ಒಂಬತ್ತು ಗ್ರಹ. ಮರುವರ್ಷ ಬಂದ ತಂಡದಲ್ಲಿ ಕನ್ನಡಕದ ಹುಡುಗನೊಬ್ಬ, 2006ರಲ್ಲೇ ಪ್ಲುಟೊವನ್ನು ಗ್ರಹಗಳ ಪಟ್ಟಿಯಿಂದ ತೆಗೆದಾಗಿದೆ ಎಂದು ತಲೆ ಚಚ್ಚಿಕೊಂಡು ಅದರ ಮೇಲೆ ನೀಲಿ ಬಳಿದ. ತಂದಿದ್ದ ನೀಲಿ ಹಳೆಯ ನೀಲಿಗೆ ಹೊಂದಲಿಲ್ಲ. ನಮ್ಮ ನಾಲ್ಕನೇ ತರಗತಿಯವರನ್ನು ಸೌರಮಂಡಲದಲ್ಲಿ ಏನೇನಿದೆ ಎಂದು ಕೇಳಿದರೆ 'ಎಂಟು ಗ್ರಹ, ಒಂದು ತೇಪೆ' ಎನ್ನುತ್ತಾರೆ. ಮುಂಬಾಗಿಲ ಪಕ್ಕದಲ್ಲಿ ಶಾಲೆಯ ಹೆಸರಿನ ಕೆಳಗೆ ದಪ್ಪಕ್ಷರದಲ್ಲಿ ರಾಮನಗರ ಜಿಲ್ಲೆ ಎಂದಿತ್ತು. 2025ರಲ್ಲಿ ಸರ್ಕಾರ ಜಿಲ್ಲೆಯ ಹೆಸರನ್ನೇ ಬೆಂಗಳೂರು ದಕ್ಷಿಣ ಎಂದು ಬದಲಿಸಿತು. ಊರಿನವರು ಅದರ ಪರ ವಿರೋಧ ಏನೇ ಮಾತಾಡಲಿ, ನನಗೆ ಮಾತ್ರ ಮುಂದಿನ ತಂಡಕ್ಕೊಂದು ಕೆಲಸ ಸಿಕ್ಕಿತಲ್ಲ ಎಂದು ಸಮಾಧಾನವಾಯಿತು.

ಈ ಅತಿಥಿಗಳಿಗೆ ಒಂದು ಋತುವೂ ಇದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಲಾಭದ ಸರಾಸರಿ ತೆಗೆದು, ಅದರಲ್ಲಿ ನೂರಕ್ಕೆ ಎರಡು ರೂಪಾಯಿ ಸಮಾಜಕ್ಕೆ ಖರ್ಚು ಮಾಡಬೇಕು. ಒಳ್ಳೆಯ ಕಾನೂನು, ನನ್ನ ತಕರಾರಿಲ್ಲ. ಆದರೆ ಲೆಕ್ಕದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಹಾಗಾಗಿ ಸಮಾಜದ ನೆನಪು ಒತ್ತರಿಸಿಕೊಂಡು ಬರುವುದೂ ಮಾರ್ಚಿನಲ್ಲೇ. ನಮ್ಮ ಮಕ್ಕಳ ಪರೀಕ್ಷೆಯೂ ಆಗಲೇ. ಜೂನ್, ಜುಲೈನಲ್ಲಿ, ಮೂವರು ಮೇಷ್ಟ್ರು ಏಳು ತರಗತಿಯನ್ನು ಹಂಚಿಕೊಂಡು ಹೈರಾಣಾಗಿರುವಾಗ, ಬಾಗಿಲಲ್ಲಿ ನಿಂತು ಯಾರಾದರೂ ಬಂದಾರೆಯೇ ಎಂದು ನೋಡಿದ್ದುಂಟು. ಬರುವುದು ಮಳೆ ಮಾತ್ರ. ಅದೂ ಮಾಗಡಿ ಕಡೆ ಖಾತ್ರಿ ಇಲ್ಲ.

ಹೋದ ಮಾರ್ಚಿನಲ್ಲಿ ಫೋನು ಮಾಡಿದ ಹೆಣ್ಣುಮಗಳು ಬಹಳ ವಿನಯದವಳು. 'ಸರ್, ಎಷ್ಟು ಮಕ್ಕಳಿದ್ದಾರೆ?' ಎಂದಳು. ನಲವತ್ತೊಂದು ಎಂದೆ. ಆ ಕಡೆ ಸ್ವಲ್ಪ ಮೌನ. 'ನಾವು ಐವತ್ತು ಜನ ಬರ್ತಿದ್ದೀವಿ ಸರ್. ಒಬ್ಬೊಬ್ಬರಿಗೂ ಒಂದೊಂದು ಮಗು ಸಿಗೋ ಹಾಗೆ ಮಾಡೋಕಾಗುತ್ತಾ?' ಕೊನೆಗೆ ಪಕ್ಕದ ಅಂಗನವಾಡಿಯಿಂದ ಒಂಬತ್ತು ಮಕ್ಕಳನ್ನು ಕಡ ತಂದು ಮಾನ ಉಳಿಸಿಕೊಂಡೆ. ಹಾಗೆ ಕಡ ಬಂದ ಮಗುವೊಂದು ತನಗೆ ಸಿಕ್ಕ ಎಂಜಿನಿಯರ್ ಅಣ್ಣನ ತೊಡೆಯ ಮೇಲೇ ನಿದ್ದೆ ಹೋಯಿತು. ಆತ ಎರಡು ಗಂಟೆ ಕದಲದೆ ಕೂತಿದ್ದ. ಅವತ್ತು ನಡೆದ ಸೇವೆಗಳಲ್ಲಿ ಅದೇ ಅಪ್ಪಟವಾದದ್ದು ಎಂದು ನನ್ನ ಲೆಕ್ಕ.

ನಮ್ಮ ಮಕ್ಕಳು ಈಗ ಇದರಲ್ಲಿ ಪಳಗಿದ್ದಾರೆ. ಕೈ ತೊಳೆಯುವ ಪಾಠ ಪ್ರತಿ ತಂಡವೂ ಮಾಡುತ್ತದೆ. ಅಂಗೈ, ಬೆರಳಸಂದಿ, ಉಗುರು ಎಂದು ನಿದ್ದೆಯಲ್ಲೂ ಹೇಳುವಷ್ಟು ಅವರಿಗೆ ಬಾಯಿಪಾಠ. ಆದರೂ ಬಂದವರಿಗೆ ಬೇಜಾರಾಗದಿರಲಿ ಎಂದು ಮೊದಲೆರಡು ಸಲ ಬೇಕೆಂದೇ ತಪ್ಪು ತೊಳೆಯುತ್ತಾರೆ. ಮೂರನೇ ಸಲ ಸರಿಯಾದಾಗ ಚಪ್ಪಾಳೆ. 'ದೊಡ್ಡವರಾದ ಮೇಲೆ ಏನಾಗ್ತೀರಾ?' ಎಂಬುದು ಇನ್ನೊಂದು ಖಾಯಂ ಪ್ರಶ್ನೆ. ಐದನೇ ತರಗತಿಯ ಒಬ್ಬ ಹುಡುಗ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ: 'ಹೋದ್ಸಲದವ್ರಿಗೆ ಡಾಕ್ಟ್ರು ಅಂದಿದ್ದೆ ಸಾ. ಈ ಸಲ ಏನನ್ಲಿ?' ಬಂದವರು ಬ್ಯಾಂಕಿನವರು ಎಂದೆ. ಮ್ಯಾನೇಜರ್ ಆಗುತ್ತೇನೆಂದು ಹೇಳಿ ಜಾಮಿಟ್ರಿ ಬಾಕ್ಸ್ ಗೆದ್ದುಕೊಂಡ.

ಪಾಠ ಮಾಡುತ್ತೇವೆಂದು ಹಟ ಹಿಡಿದವರನ್ನು ನಾನು ನಲಿ-ಕಲಿ ಕೋಣೆಗೆ ಬಿಡುತ್ತೇನೆ. ಒಂದರಿಂದ ಮೂರನೇ ತರಗತಿಯವರು ಅಲ್ಲಿ ಒಟ್ಟಿಗೇ ಕೂರುತ್ತಾರೆ. ಕಲಿಕಾ ಚಪ್ಪರ ಎಂದು ಮೇಲೆ ದಾರ ಕಟ್ಟಿ ಮಕ್ಕಳು ಬರೆದ ಚಿತ್ರ, ಹಾಳೆ ತೂಗುಹಾಕಿರುತ್ತೇವೆ, ಅವರ ಕೈಗೆ ಎಟುಕುವ ಎತ್ತರದಲ್ಲಿ. ಆರಡಿ ಎತ್ತರದ ಎಂಜಿನಿಯರುಗಳು ಒಳಗೆ ಕಾಲಿಟ್ಟ ಕೂಡಲೇ ಕೊರಳಿಗೆ ಗಾಳಿಪಟವೋ ಕಿವಿಗೆ ಕಾಗದದ ಮೀನೋ ಸಿಕ್ಕಿಕೊಂಡು ಅರ್ಧ ಅಹಂಕಾರ ಅಲ್ಲೇ ಇಳಿಯುತ್ತದೆ. ಉಳಿದರ್ಧವನ್ನು ಮಕ್ಕಳು ಇಳಿಸುತ್ತಾರೆ. ತಂಡದ ಹುಡುಗಿಯೊಬ್ಬಳು ಬೋರ್ಡಿನ ಮೇಲೆ ಗುಂಡಗೆ 'ಅ' ಬರೆದು, ಹೇಳಿ ಮಕ್ಕಳೇ ಎಂದಳು. ಒಂದನೇ ತರಗತಿಯ ಪುಟಾಣಿ ಎದ್ದು ನಿಂತಿತು. 'ಮಿಸ್, ಮೊದ್ಲು ರ.' ಹುಡುಗಿ ನಕ್ಕು, ರ ಆಮೇಲೆ ಬರುತ್ತೆ ಪುಟ್ಟಾ ಎಂದಳು. ಇಡೀ ಕೋಣೆ ಒಕ್ಕೊರಲಿನಿಂದ, ಲೋಕವ್ಯವಹಾರ ತಿಳಿಯದವರಿಗೆ ತಿಳಿಹೇಳುವ ದನಿಯಲ್ಲಿ, 'ರ, ಗ, ಸ, ದ, ಅ!' ಎಂದಿತು.

ಅವಳು ಗಾಬರಿಯಾಗಿ ನನ್ನ ಮುಖ ನೋಡಿದಳು. ವರ್ಣಮಾಲೆಗೆ ಏನೋ ಅನಾಹುತವಾಗಿದೆ ಎಂದುಕೊಂಡಳೋ ಏನೋ. ವಿಷಯ ಸರಳ. 1995ರ ಹೊತ್ತಿಗೆ ಹೆಗ್ಗಡದೇವನಕೋಟೆಯ ಕೆಲವು ಮೇಷ್ಟ್ರುಗಳು ಆಂಧ್ರದ ಋಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ಅವರವರ ವೇಗದಲ್ಲಿ ಕಲಿಯುವುದನ್ನು ನೋಡಿ ಬಂದು ನಲಿ-ಕಲಿ ಶುರುಮಾಡಿದರು. ಐವತ್ತು ಅಕ್ಷರ ಮುಗಿಯುವವರೆಗೆ ಮಗು ಕಾಯಬೇಕಿಲ್ಲ. ಈ ಐದೇ ಅಕ್ಷರ ಬಂದರೆ ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಮೊದಲ ತಿಂಗಳಲ್ಲೇ ಗರಗಸ ಓದಿದ ಮಗುವಿಗೆ ಬರುವ ಗತ್ತನ್ನು ನೀವು ನೋಡಬೇಕು. ಹುಡುಗಿ ಬೋರ್ಡು ಒರೆಸಿ ಮಕ್ಕಳ ಜೊತೆ ಚಾಪೆಯ ಮೇಲೆ ಕೂತಳು. ಮಧ್ಯಾಹ್ನದ ಹೊತ್ತಿಗೆ ಪುಟಾಣಿ ಅವಳಿಗೆ ಎರಡನೇ ಗುಂಪಿನ ಅಕ್ಷರಗಳನ್ನು ಹೇಳಿಕೊಡುತ್ತಿತ್ತು.

ಊಟದ ಹೊತ್ತಿಗೆ ತಂಡದವರ ಪರೀಕ್ಷೆ ಮಾಡುವುದು ಬಿಸಿಯೂಟದ ಅಕ್ಕ. ತಿಂದ ತಟ್ಟೆಯನ್ನು ತಾವೇ ತೊಳೆದವರು ಪಾಸು. ಐವತ್ತರಲ್ಲಿ ಎಷ್ಟು ಜನ ಪಾಸಾದರೆಂಬ ಗುಟ್ಟು ಅವಳ ಹತ್ತಿರವೇ ಇರಲಿ.

ಈಗ ನಿಜವಾದ ಕಥೆಗೆ ಬರುತ್ತೇನೆ. ಆ ದಿನ ತಂಡದ ಹುಡುಗನೊಬ್ಬ, 'ಸರ್, ನಿಮ್ಮ ಶಾಲೆಗೆ ನಿಜವಾಗ್ಲೂ ಏನು ಬೇಕು?' ಎಂದು ಕೇಳಿದ. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಏನು ತಂದಿದ್ದೇವೆ ಎಂದು ಹೇಳುತ್ತಿದ್ದರೇ ಹೊರತು ಏನು ಬೇಕೆಂದಲ್ಲ. ನಾನು ಅವನನ್ನು ಕೋಣೆಗೆ ಕರೆದುಕೊಂಡು ಹೋಗಿ ಮೇಜು ತೋರಿಸಿದೆ. ಹಾಜರಾತಿಯನ್ನು ಇಲಾಖೆಯ ಜಾಲತಾಣ ಸ್ಯಾಟ್ಸ್‌ಗೆ ಹಾಕಬೇಕು, ಶಾಲೆಯ ಅಂಕಿಅಂಶಗಳ ಯು-ಡೈಸ್ ತುಂಬಬೇಕು, ಅಕ್ಕಿ ಬೇಳೆಯ ದಾಸ್ತಾನು ಬರೆಯಬೇಕು. ಕ್ಷೀರಭಾಗ್ಯದಲ್ಲಿ ಒಂದು ಮಗುವಿಗೆ 18 ಗ್ರಾಂ ಪುಡಿಯಿಂದ 150 ಮಿಲಿಲೀಟರ್ ಹಾಲು, ಅದಕ್ಕೊಂದು ಪುಸ್ತಕ. 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಮೊಟ್ಟೆಯೊಂದಕ್ಕೆ ಬರುವ ಆರು ರೂಪಾಯಿಯಲ್ಲಿ ಬೇಯಿಸುವುದಕ್ಕೆ 50 ಪೈಸೆ, ಸಿಪ್ಪೆ ಸುಲಿಯುವುದಕ್ಕೆ 30 ಪೈಸೆ ಎಂದು ಬೇರೆಬೇರೆ ಲೆಕ್ಕ. 'ಇದನ್ನೆಲ್ಲ ಕಂಪ್ಯೂಟರಿಗೆ ಹಾಕೋರು ಒಬ್ಬರು ಸಿಕ್ಕರೆ ನಾನು ಪಾಠ ಮಾಡ್ತೀನಪ್ಪ' ಎಂದೆ.

ಹುಡುಗನ ಮುಖ ಬಾಡಿತು. 'ವಾರವೆಲ್ಲ ಅದನ್ನೇ ಮಾಡ್ತೀನಿ ಸರ್. ಒಂದಿನ ಕಂಪ್ಯೂಟರ್ ಬಿಟ್ಟು ಮಕ್ಕಳ ಜೊತೆ ಇರೋಣ ಅಂತ ಬಂದೆ.' ಅವನಿಗೆ ನನ್ನ ಕೆಲಸ ಬೇಕಿತ್ತು, ನನಗೆ ಅವನದು. ಚೌಕಾಸಿ ನಡೆದು, ಶನಿವಾರ ಬೆಳಗಿನ ಶಾಲೆಗೆ ಬಂದು ಒಂದು ಗಂಟೆ ಲೆಕ್ಕ ಬರೆದರೆ ಒಂದು ಗಂಟೆ ಮಕ್ಕಳು ಎಂದು ಒಪ್ಪಂದವಾಯಿತು. ಬರಲಾರ ಎಂದುಕೊಂಡಿದ್ದೆ. ಬಂದ, ಟೀ ಶರ್ಟು ಬ್ಯಾನರು ಏನೂ ಇಲ್ಲದೆ, ಬಸ್ಸಿನಲ್ಲಿ.

ಅವನ ಹಾಳೆಯಲ್ಲಿ ಎಲ್ಲವೂ ತಾಳೆಯಾಯಿತು, ಮೊಟ್ಟೆ ಬಿಟ್ಟು. ಪಟ್ಟಿಯ ಪ್ರಕಾರ ಬಾಳೆಹಣ್ಣಿನವರು ಆರು ಜನ, ಬಾಳೆಹಣ್ಣು ಖರ್ಚಾಗಿರುವುದು ಆರು, ಆದರೆ ಅವನು ಖುದ್ದು ಊಟದ ಸಾಲಿನಲ್ಲಿ ನಿಂತು ಎಣಿಸಿದಾಗ ಬಾಳೆಹಣ್ಣಿನ ಪಟ್ಟಿಯ ಇಬ್ಬರು ಮೊಟ್ಟೆ ತಿನ್ನುತ್ತಿದ್ದರು, ಮೊಟ್ಟೆ ಪಟ್ಟಿಯ ಇಬ್ಬರು ಬಾಳೆಹಣ್ಣು ಸುಲಿಯುತ್ತಿದ್ದರು. ಕಂಪ್ಯೂಟರಿನಲ್ಲಿ ಎರಡು ಮನೆ ಕೆಂಪಾಗಿ ಕೂತವು. 'ಇದನ್ನ ಯಾವ ಕಾಲಮ್ಮಿಗೆ ಹಾಕೋದು ಸರ್?' ಎಂದ. ಬಿಸಿಯೂಟದ ಅಕ್ಕ ಸೌಟು ತೊಳೆಯುತ್ತಲೇ, 'ಅವ್ರ ಅಮ್ಮಂದಿರ ಕಿವಿಗೆ ಬೀಳದ ಕಾಲಮ್ಮಿಗೆ ಹಾಕಪ್ಪ' ಎಂದಳು.

ತೊಡಕು ಬಂದದ್ದು ಅವನ ಕಂಪನಿಯಿಂದ. ಲೆಕ್ಕ ಬರೆಯುವುದು ಸೇವೆಯಲ್ಲವಂತೆ, ಮಕ್ಕಳಿಗೆ ಕಲಿಸುವ ಫೋಟೊ ಇದ್ದರೆ ಮಾತ್ರ ಗಂಟೆ ಜಮೆಯಂತೆ. ನಾನೇ ಫೋಟೊ ತೆಗೆದು ಕಳಿಸಿದೆ. ಹುಡುಗ ಲ್ಯಾಪ್‌ಟಾಪ್ ಮುಂದೆ ಬಗ್ಗಿ ಕೂತಿದ್ದಾನೆ, ಪಕ್ಕದಲ್ಲಿ ಐದನೇ ತರಗತಿಯ ನಮ್ಮ ಭಾವಿ ಬ್ಯಾಂಕ್ ಮ್ಯಾನೇಜರ್ ಪರದೆಯತ್ತ ಬೆರಳು ತೋರಿಸುತ್ತಿದ್ದಾನೆ. ಕಂಪನಿಯವರು ಅದನ್ನು 'ಡಿಜಿಟಲ್ ಶಿಕ್ಷಣ' ಎಂದು ತಮ್ಮ ವಾರ್ಷಿಕ ವರದಿಯಲ್ಲಿ ಹಾಕಿಕೊಂಡರು. ಭಾವಿ ಮ್ಯಾನೇಜರ್ ಅವತ್ತು ನಿಜಕ್ಕೂ ಹೇಳುತ್ತಿದ್ದದ್ದು, ಸೋಮವಾರ ಯಾರ ಮೊಟ್ಟೆ ಯಾರ ತಟ್ಟೆಗೆ ಹೋಯಿತು, ಅದಕ್ಕೆ ಬದಲಾಗಿ ಬಾಳೆಹಣ್ಣಿನ ಜೊತೆ ಎಷ್ಟು ಗೋಲಿ ಕೈಬದಲಾಯಿತು ಎಂಬ ವಿವರ.