ದಿನಕ್ಕೊಂದು ಸತ್ಕಾರ್ಯ, ಫೋಟೋ ಸಮೇತ

ಚಂದಾಪುರ ಸರ್ಕಲ್‌ನಲ್ಲಿ ಹೊಸೂರು ರಸ್ತೆ ದಾಟುವಷ್ಟರಲ್ಲೇ ಅರ್ಧ ಆಯುಷ್ಯ ಕಳೆದುಕೊಂಡಿದ್ದ ಅಪ್ಪ, ಸ್ಕೌಟ್ ಮೇಷ್ಟ್ರ ಮುಂದೆ ಮಗನನ್ನು ನಿಲ್ಲಿಸಿದರು.

"ಸೇರಿಸ್ಕೊಳ್ಳಿ ಮೇಷ್ಟ್ರೇ. ವಯಸ್ಸು 8."

"ಹಾಗಾದ್ರೆ ಕಬ್. 10 ತುಂಬಿದ್ಮೇಲೆ ಸ್ಕೌಟ್."

"ಎರಡು ವರ್ಷ ಕಾಯ್ಬೇಕಾ? ಫಾಸ್ಟ್ ಟ್ರ್ಯಾಕ್ ಇಲ್ವಾ? ಫೀಸ್ ಜಾಸ್ತಿಯಾದ್ರೂ ಪರ್ವಾಗಿಲ್ಲ."

"ಹುಟ್ಟುಹಬ್ಬಕ್ಕೆ ಫಾಸ್ಟ್ ಟ್ರ್ಯಾಕ್ ಎಲ್ಲಿಂದ ತರ್ಲಿ ಸಾರ್?"

"ಹೋಗ್ಲಿ, ಏನೇನು ಕಲಿಸ್ತೀರಾ?"

"ಗಂಟು ಹಾಕೋದು, ಪ್ರಥಮ ಚಿಕಿತ್ಸೆ, ದಿನಕ್ಕೊಂದು ಸತ್ಕಾರ್ಯ."

"ಸತ್ಕಾರ್ಯಕ್ಕೆ ಸರ್ಟಿಫಿಕೇಟ್?"

"ಅದನ್ನ ಹೇಳ್ಕೊಳ್ದೆ ಮಾಡ್ಬೇಕು."

"ಹೇಳ್ಕೊಳ್ದಿದ್ರೆ ಮಾಡಿ ಏನು ಬಂತು? ಇರ್ಲಿ, ಕ್ಯಾಂಪಲ್ಲಿ ಎಸಿ ರೂಮಾ?"

"ಡೇರೆ. 1907ರಲ್ಲಿ ಸ್ಕೌಟ್ ಶುರುಮಾಡಿದ ಬೇಡನ್ ಪೊವೆಲ್ ಬ್ರೌನ್‌ಸೀ ದ್ವೀಪದಲ್ಲಿ ಹುಡುಗರನ್ನ ಮಲಗಿಸಿದ್ದೂ ಡೇರೇಲೇ."

"ಅಲ್ಲಿ ನಮ್ಮ ಚಂದಾಪುರ ಕೆರೆ ಸೊಳ್ಳೆ ಇರ್ಲಿಲ್ವಲ್ಲ!"

ಮೇಷ್ಟ್ರು ಸುಮ್ಮನಾದರು. ಕೆರೆಯ ವಿಷಯದಲ್ಲಿ ಈ ಊರಲ್ಲಿ ಯಾರಿಗೂ ಉತ್ತರವಿಲ್ಲ.

ಅಷ್ಟರಲ್ಲಿ ಕಾಲಬುಡದಿಂದ ಸಣ್ಣ ದನಿ:

"ಅಪ್ಪಾ, ನಿನ್ನ ಶೂ ಲೇಸ್ ಬಿಚ್ಚೋಗಿತ್ತು. ಕಟ್ಟಿದೀನಿ."

ಮೇಷ್ಟ್ರ ಕಣ್ಣರಳಿತು. ಅಪ್ಪ ಗಡಿಬಿಡಿಯಿಂದ ಜೇಬಿಗೆ ಕೈಹಾಕಿ ಮೊಬೈಲ್ ತೆಗೆದರು.

"ಅಯ್ಯೋ, ಮೊದಲೇ ಹೇಳ್ಬಾರ್ದಾ? ಬಿಚ್ಚಿ ಇನ್ನೊಂದ್ಸಲ ಕಟ್ಟು ಪುಟ್ಟಾ. ಈ ಕಡೆ ನೋಡ್ಕೊಂಡು!"