ಆನೆ ಕಂಡಿರಾ ಗೌಡ್ರೇ?

ನಮ್ಮ ಆಲೂರು ಸೀಮೆಯಲ್ಲಿ ಸಾಕ್ಷಿಗಳಿಗೇನೂ ಬರವಿಲ್ಲ. ಬಾಳ್ಳುಪೇಟೆಯ ಹೋಟೆಲಿನಲ್ಲಿ ಕೂತು ಅರ್ಧ ಲೋಟ ಕಾಫಿ ಮುಗಿಸುವಷ್ಟರಲ್ಲಿ, ಹೋದ ವಾರ ಹೆದ್ದಾರಿಯಲ್ಲಿ ಆದ ಅಪಘಾತವನ್ನು ಕಣ್ಣಾರೆ ಕಂಡವರು ನಾಲ್ಕು ಜನ ಸಿಗುತ್ತಾರೆ. ಅವರಲ್ಲಿ ಇಬ್ಬರು ಅವತ್ತು ಧರ್ಮಸ್ಥಳಕ್ಕೆ ಹೋಗಿದ್ದವರು. ಆದರೂ ಲಾರಿಯ ವೇಗ, ಡ್ರೈವರನ ಕಣ್ಣಿನ ಕೆಂಪು, ಬ್ರೇಕು ಹಾಕಿದ ಸದ್ದು ಎಲ್ಲವನ್ನೂ ತೂಗಿ ಕೊಡುತ್ತಾರೆ. ಇಂಥ ಸಮೃದ್ಧ ಸಾಕ್ಷಿ ಸಂಪತ್ತು, ಪೊಲೀಸ್ ಜೀಪು ಹೋಟೆಲಿನ ಮುಂದೆ ನಿಂತಿತೆಂದರೆ ಬಿಲ್ಲು ಕೊಟ್ಟು ಎದ್ದು ಹೋಗುತ್ತದೆ. ಕೊನೆಗೆ ಉಳಿಯುವವನು ಮಂಡಿನೋವಿನವನೋ, ಬೆಂಚಿನ ಕೆಳಗೆ ಕೊಡೆ ಹುಡುಕುತ್ತಿದ್ದವನೋ ಒಬ್ಬನೇ. ಕಾನೂನು ಅವನನ್ನು ಪ್ರತ್ಯಕ್ಷ ಸಾಕ್ಷಿ ಎಂದು ಕರೆಯುತ್ತದೆ.

ನನಗೆ ಮಂಡಿನೋವೂ ಇದೆ, ಕೊಡೆಯೂ ಇತ್ತು.

ಜುಲೈ ತಿಂಗಳ ಬೆಳಿಗ್ಗೆ, ಆರು ಗಂಟೆಯ ಮಂಜು, ಜಿಟಿಜಿಟಿ ಮಳೆ. ನಮ್ಮ ತೋಟದ ಗೇಟಿನ ಪಕ್ಕದ ತಂಗುದಾಣದಲ್ಲಿ ಹಾಸನದ ಬಸ್ಸಿಗೆ ಕಾಯುತ್ತಿದ್ದೆ. ರಸ್ತೆಯ ಆಚೆ ಬದಿಯಲ್ಲಿ ಒಬ್ಬ ಹುಡುಗ ಸ್ಕೂಟರಿನಲ್ಲಿ ಕ್ಯಾನು ಇಟ್ಟುಕೊಂಡು ಡೈರಿಗೆ ಹಾಲು ಹಾಕಲು ಹೊರಟಿದ್ದ. ಹಿಂದಿನಿಂದ ಒಂದು ಬಿಳಿ ಕಾರು ಬಂತು. ಹಾಸನದ ಕಡೆಯಿಂದ ಸಕಲೇಶಪುರದ ಹೋಂಸ್ಟೇಗೆ ಹೊರಟದ್ದು. ಬಂದದ್ದು ಎಡಕ್ಕೆ ಎಳೆಯಿತು, ಸ್ಕೂಟರಿನ ಹಿಂಭಾಗಕ್ಕೆ ಹೊಡೆಯಿತು, ಮುಂದೆ ಹೋಗಿ ಸಿಲ್ವರ್ ಓಕ್ ಮರಕ್ಕೆ ಮೂತಿ ಆನಿಸಿ ನಿಂತಿತು. ಹುಡುಗ ಬಿದ್ದ. ಕ್ಯಾನು ಉರುಳಿತು. ಹಾಲು ಮಳೆನೀರಿನ ಜೊತೆ ಚರಂಡಿ ಸೇರಿತು. ಶುಂಠಿ ಮೂಟೆ ಹೇರಿಕೊಂಡು ಬರುತ್ತಿದ್ದ ಪಿಕಪ್‌ಗೆ ಕೈ ಅಡ್ಡ ಹಾಕಿ, ಹುಡುಗನನ್ನು ಮೂಟೆಗಳ ನಡುವೆ ಒರಗಿಸಿ ಆಲೂರಿನ ಆಸ್ಪತ್ರೆಗೆ ಸೇರಿಸಿದೆವು. ಹೆಗಲ ಮೂಳೆ ಮುರಿದಿತ್ತು. ಬೇರೇನೂ ಆಗಿರಲಿಲ್ಲ.

ನಾನು ಕಂಡದ್ದು ಇಷ್ಟೇ. ಪೋಸ್ಟ್ ಕಾರ್ಡಿನಲ್ಲಿ ಬರೆದರೂ ಕೆಳಗೆ ಕ್ಷೇಮ ಸಮಾಚಾರಕ್ಕೆ ಜಾಗ ಉಳಿಯುತ್ತದೆ.

ಹೇಳಿಕೆ ಬರೆದುಕೊಳ್ಳಲು ಬಂದವರು ಮುತ್ತಿನಂಥ ಅಕ್ಷರದ ಒಬ್ಬ ಪೇದೆ. ನಾನು ಹೇಳಿದೆ: "ಕಾರು ಬಂತು, ಎಡಕ್ಕೆ ಎಳೀತು, ಸ್ಕೂಟರಿಗೆ ಹೊಡೀತು, ಇವನು ಬಿದ್ದ." ಅವರು ಬರೆದರು: "ನಾನು ಮೇಲ್ಕಂಡ ವಿಳಾಸದಲ್ಲಿ ಸಂಸಾರ ಸಮೇತ ವಾಸವಾಗಿದ್ದು ವ್ಯವಸಾಯ ಮಾಡಿಕೊಂಡಿರುತ್ತೇನೆ. ಹೀಗಿರುವಲ್ಲಿ ಸದರಿ ದಿನ ಬೆಳಿಗ್ಗೆ ಸುಮಾರು 6 ಗಂಟೆ ಸಮಯದಲ್ಲಿ ಸದರಿ ಕಾರಿನ ಚಾಲಕನು ತನ್ನ ಬಾಬ್ತು ಕಾರನ್ನು ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು..." ಓದಿ ಹೇಳಿದಾಗ ನನಗೇ ನನ್ನ ಮೇಲೆ ಗೌರವ ಬಂತು. ಮಂಜಿನಲ್ಲಿ ಕೊಡೆ ಹಿಡಿದು ನಿಂತವನು ಅಷ್ಟೊತ್ತಿಗೇ ವೇಗ ಅಳೆದಿದ್ದೆ, ಜಾಗರೂಕತೆಯನ್ನೂ ಪರೀಕ್ಷಿಸಿದ್ದೆ. "ಅತಿವೇಗ ಅಂತ ನಾನು ಹೇಳಲಿಲ್ಲವಲ್ಲ?" ಎಂದೆ. "ನಿಧಾನ ಅಂತಲೂ ಹೇಳಲಿಲ್ಲವಲ್ಲ ಸಾರ್?" ಎಂದರು.

ಸ್ಥಳ ಮಹಜರು ಇನ್ನೂ ಚೆನ್ನಾಗಿತ್ತು. ಚೆಕ್ಕುಬಂದಿ ಬರೆದರು. ಪೂರ್ವಕ್ಕೆ ಹಾಸನ ಕಡೆಗೆ ಹೋಗುವ ರಸ್ತೆ, ಪಶ್ಚಿಮಕ್ಕೆ ಸಕಲೇಶಪುರ ಕಡೆಗೆ ಹೋಗುವ ರಸ್ತೆ, ದಕ್ಷಿಣಕ್ಕೆ ಚರಂಡಿ ಮತ್ತು ಮರ, ಉತ್ತರಕ್ಕೆ ನನ್ನ ಕಾಫಿ ತೋಟ. ಪಾಲಿನ ತಕರಾರಿಲ್ಲದೆ, ದಾಯಾದಿಗಳ ಆಕ್ಷೇಪಣೆ ಇಲ್ಲದೆ, ನನ್ನ ತೋಟ ಸರ್ಕಾರಿ ಕಾಗದ ಸೇರಿದ್ದು ಅದೇ ಮೊದಲು. ನನ್ನ ಹೇಳಿಕೆಯ ಕೆಳಗೂ ಸಹಿ ಹಾಕಲು ಪೆನ್ನು ತೆಗೆದೆ. ಅದಕ್ಕೆ ಸಹಿ ಬೇಡವಂತೆ. ಪೊಲೀಸರ ಮುಂದೆ ಕೊಟ್ಟ ಸಾಕ್ಷಿ ಹೇಳಿಕೆಗೆ ಸಾಕ್ಷಿಯ ಸಹಿ ತೆಗೆದುಕೊಳ್ಳಬಾರದೆಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯೂ ಹೇಳುತ್ತಿತ್ತು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಹೇಳುತ್ತದೆ. ಆಡಿದ್ದು ನಾನು, ಬರೆದದ್ದು ಅವರು, ಸಹಿ ಯಾರದ್ದೂ ಇಲ್ಲ. ಮನಸ್ಸಿಗೆ ಹಗುರವೆನಿಸಿತು.

ಹಗುರ ಬಹಳ ದಿನ ಉಳಿಯಲಿಲ್ಲ. "ಒಂದು ಸಣ್ಣ ಮರು ಹೇಳಿಕೆ ಬೇಕಿತ್ತು ಗೌಡ್ರೇ" ಎಂದು ಫೋನು ಬಂತು. ಹೊಸ ಸಂಹಿತೆಯ ಪ್ರಕಾರ 60 ದಾಟಿದ ಗಂಡಸರನ್ನೂ, ಹೆಂಗಸರನ್ನೂ, 15 ತುಂಬದ ಹುಡುಗರನ್ನೂ ಸಾಕ್ಷಿ ಹೇಳಲು ಠಾಣೆಗೆ ಕರೆಸುವಂತಿಲ್ಲ, ಪೊಲೀಸರೇ ಮನೆಗೆ ಬರಬೇಕು. ನನಗೆ 60 ದಾಟಿದೆ. "ನೀವು ಬರೋದು ಬೇಡ, ನಾವೇ ಜೀಪಿನಲ್ಲಿ ಬರ್ತೀವಿ" ಎಂದರು. ಒಳಗಿನಿಂದ ನನ್ನ ಹೆಂಡತಿ ಕೈಯಾಡಿಸಿ ಬೇಡ ಬೇಡ ಎಂದಳು. ಕಾನೂನು ಮಾಡಿದವರಿಗೆ ನಮ್ಮ ಊರು ಗೊತ್ತಿಲ್ಲ. ಮನೆ ಮುಂದೆ ಜೀಪು ಹತ್ತು ನಿಮಿಷ ನಿಂತರೆ ಮಧ್ಯಾಹ್ನದೊಳಗೆ ನಾನು ಮರ ಕಡಿದವನಾಗಿರುತ್ತೇನೆ, ಸಂಜೆಯ ಡೈರಿ ಹೊತ್ತಿಗೆ ಗಂಧದ ಮರ ಕಡಿದವನಾಗಿರುತ್ತೇನೆ. ಮಗಳ ಮದುವೆ ಮಾತು ನಡೆಯುತ್ತಿರುವ ಮನೆಗೆ ಇಂಥ ಸೌಲಭ್ಯ ಒಗ್ಗುವುದಿಲ್ಲ. ಕಾನೂನು ಕೊಟ್ಟ ಹಕ್ಕನ್ನು ಕಪಾಟಿನಲ್ಲಿಟ್ಟು, ಮಂಡಿಗೆ ಎಣ್ಣೆ ತಿಕ್ಕಿಕೊಂಡು ನಾನೇ ಹೋದೆ.

ವಿಷಯ ಇಷ್ಟು. ಕಾರಿನವರು ಆನೆ ಅಡ್ಡ ಬಂತು ಎಂದಿದ್ದರು. ಬಲಗಡೆಯ ಕಾಫಿ ತೋಟದಿಂದ ಆನೆಯೊಂದು ರಸ್ತೆಗೆ ಕಾಲಿಟ್ಟಿತು, ತಪ್ಪಿಸಲು ಎಡಕ್ಕೆ ತಿರುಗಿಸಿದೆ ಎಂಬುದು ಅವರ ವಾದ. ಬಲಗಡೆಯ ಕಾಫಿ ತೋಟವೆಂದರೆ ಚೆಕ್ಕುಬಂದಿಯ ಉತ್ತರ ದಿಕ್ಕು. ಅಂದರೆ ನನ್ನದು. ಅಂದರೆ ಆ ಆನೆ ನನ್ನ ಗೇಟು ದಾಟಿ, ನನ್ನ ಕೊಡೆಯ ಪಕ್ಕದಲ್ಲೇ ಬಂದು ನಿಂತಿರಬೇಕು.

"ಆನೆ ಕಂಡಿರಾ ಗೌಡ್ರೇ?"

"ಇಲ್ಲ."

"ಇಲ್ಲ ಅಂದರೆ, ಆನೆ ಇರಲಿಲ್ಲ ಅಂತಲೋ, ಇತ್ತು ನೀವು ನೋಡಲಿಲ್ಲ ಅಂತಲೋ?"

ಬೇರೆ ತಾಲ್ಲೂಕಿನವನಾಗಿದ್ದರೆ ನಕ್ಕುಬಿಡುತ್ತಿದ್ದೆ. ಅಷ್ಟು ದೊಡ್ಡ ಪ್ರಾಣಿ ಪಕ್ಕದಲ್ಲಿ ನಿಂತರೆ ಕಾಣದೇ? ಆದರೆ ಆಲೂರು–ಸಕಲೇಶಪುರದ ತೋಟಗಳಲ್ಲಿ ಬದುಕಿದವರು ಹಾಗೆ ನಗುವುದಿಲ್ಲ. ರೋಬಸ್ಟಾ ಗಿಡಗಳ ಸಂದಿಯಲ್ಲಿ, ಮಂಜಿನಲ್ಲಿ, ಹತ್ತು ಮಾರು ದೂರದಲ್ಲಿ ಆನೆ ನಿಂತಿದ್ದರೂ ಕಾಣುವುದಿಲ್ಲ. ಕೊಂಬೆ ಮುರಿದ ಸದ್ದು ಕೇಳಿದಾಗಲೇ ಗೊತ್ತಾಗುವುದು. ಆನೆಗಳ ವಿಷಯ ಹೈಕೋರ್ಟಿನಲ್ಲಿ ಚರ್ಚೆಯಾಗಿ, ಅದಕ್ಕೆಂದೇ ನೇಮಿಸಿದ ಕಾರ್ಯಪಡೆ ವರದಿ ಕೊಟ್ಟು, 2014ರ ಹೊತ್ತಿಗೆ ನಮ್ಮ ಭಾಗದಿಂದ 22 ಆನೆ ಹಿಡಿದು ಸಾಗಿಸಿದ ಮೇಲೂ ಅವುಗಳ ಓಡಾಟ ನಿಂತಿಲ್ಲ. ಹಾಗಾಗಿ ನಿಷ್ಠೆಯಿಂದ ಉತ್ತರ ಕೊಟ್ಟೆ: "ನಾನು ನೋಡಲಿಲ್ಲ. ಇರಲಿಲ್ಲ ಅಂತ ಹೇಳೋಕೆ ನಾನು ಆನೆಯಲ್ಲ." ಪೇದೆ ಬರೆದುಕೊಂಡರು: "ಆನೆಯ ಇರುವಿಕೆಯ ಬಗ್ಗೆ ತನಗೆ ಖಚಿತ ಮಾಹಿತಿ ಇರುವುದಿಲ್ಲ." ಒಂದೇ ಸಾಲಿನಲ್ಲಿ ಆನೆಗೆ ಬಾಗಿಲು ಅರ್ಧ ತೆರೆದಿತ್ತು.

ಆ ಅರ್ಧ ಬಾಗಿಲಿನಿಂದ ಜನ ಬರತೊಡಗಿದರು. ವಿಮೆ ಕಂಪನಿಯೊಂದರ ತನಿಖೆಯವರು ಶೂ ಕೆಸರು ಮಾಡಿಕೊಂಡು ಜಗಲಿ ಹತ್ತಿದರು. ಚಾಲಕನ ತಪ್ಪಿದೆಯೆಂದು ಸಾಬೀತಾದರೆ ಗಾಯಗೊಂಡವನಿಗೆ ವಿಮೆಯವರು ಹಣ ಕಟ್ಟಬೇಕು. ತಪ್ಪು ಆನೆಯದಾದರೆ ಲೆಕ್ಕ ಬೇರೆ. ಹಾಗಾಗಿ ಅವರಿಗೆ ಆನೆ ಬೇಕಿತ್ತು, ಆದಷ್ಟು ದೊಡ್ಡದು. ಹುಡುಗನ ಪರ ವಕೀಲರಿಗೆ ಆನೆ ಸುತರಾಂ ಬೇಡ. "ಹಸುವೂ ಇರಲಿಲ್ಲ ತಾನೆ?" ಎಂದು ಖಾತ್ರಿ ಮಾಡಿಕೊಂಡರು. ಕಾರಿನವರ ಕಡೆಯ ಹಿರಿಯರೊಬ್ಬರು ಸಿಹಿ ಪೊಟ್ಟಣದ ಸಮೇತ ಬಂದು, ಪೂರ್ತಿ ಆನೆ ಆಗದಿದ್ದರೆ ಸೊಂಡಿಲಾದರೂ ಸಾಕೆಂಬ ಮುಖಭಾವದಲ್ಲಿ ಕೂತರು. ಪೊಟ್ಟಣ ವಾಪಸು ಕಳಿಸಿದ್ದಕ್ಕೆ ಮೊಮ್ಮಗ ನನ್ನ ಜೊತೆ ಮಾತು ಬಿಟ್ಟ.

ಸುದ್ದಿ ಹಬ್ಬಿ, ಆನೆ ಜಾಡು ನೋಡುವ ಹುಡುಗನೂ ಬಂದ. ಅವನಿಗೆ ಅಪಘಾತದ ಗೊಡವೆಯೇ ಇಲ್ಲ. "ದಂತ ಇತ್ತಾ? ಕಾಲರ್ ಇತ್ತಾ? ಒಂಟಿಯಾ, ಗುಂಪಾ?" ನಮ್ಮ ಕಡೆಯ ಆನೆಗಳಿಗೆ ಭೀಮ, ಕರಡಿ ಎಂದೆಲ್ಲ ಹೆಸರಿದೆ. ಕೆಲವಕ್ಕೆ ಕೊರಳಿಗೆ ರೇಡಿಯೋ ಕಾಲರ್ ಕಟ್ಟಿದ್ದಾರೆ, ಎಲ್ಲಿದೆ ಎಂಬುದು ಅದರಿಂದಲೇ ಗೊತ್ತಾಗುತ್ತದೆ. ಕಾಲರ್ ಕಟ್ಟಿದ್ದು ಯಾವುದೂ ಆ ಬೆಳಿಗ್ಗೆ ನಮ್ಮ ಗೇಟಿನ ಹತ್ತಿರ ಇರಲಿಲ್ಲ ಎಂದು ಅವನೇ ಹೇಳಿ ಹೋದ. ಕಾಲರ್ ಇಲ್ಲದವುಗಳ ಮಾತು ಅವನಿಗೂ ಗೊತ್ತಿಲ್ಲ. ನನಗೆ ಕಾಲರ್ ಕಟ್ಟಿದ ಆನೆಯ ಮೇಲೆ ಹೊಟ್ಟೆಕಿಚ್ಚಾಯಿತು. ಅದು ಎಲ್ಲಿತ್ತು ಎಂಬುದಕ್ಕೆ ಅದರ ಕೊರಳೇ ದಾಖಲೆ. ಅದನ್ನು ಯಾರೂ ಮರು ಹೇಳಿಕೆಗೆ ಕರೆಯುವುದಿಲ್ಲ.

ಇಷ್ಟರಲ್ಲಿ ಇನ್ನೊಂದು ತೊಂದರೆ ಶುರುವಾಯಿತು. ರಾತ್ರಿ ಕಣ್ಣು ಮುಚ್ಚಿದರೆ ಮಂಜಿನಲ್ಲಿ ಕಾರು ಬರುತ್ತದೆ, ಎಡಕ್ಕೆ ಎಳೆಯುತ್ತದೆ, ಚೌಕಟ್ಟಿನ ಅಂಚಿನಲ್ಲಿ ಬೂದು ಬಣ್ಣದ್ದೇನೋ ಅಲುಗಾಡುತ್ತದೆ. ಮೈಸೂರಿನಲ್ಲಿ ಮನಃಶಾಸ್ತ್ರ ಓದುವ ತಮ್ಮನ ಮಗಳಿಗೆ ಹೇಳಿದೆ. ಅವಳು ಖುಷಿಯಾಗಿ ಪಾಠ ಶುರುಮಾಡಿದಳು. ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ವಿದ್ಯಾರ್ಥಿಗಳಿಗೆ ಕಾರು ಡಿಕ್ಕಿಯ ಚಿತ್ರ ತೋರಿಸಿದರಂತೆ. ಕೆಲವರಿಗೆ, ಕಾರುಗಳು ಹೊಡೆದುಕೊಂಡಾಗ ವೇಗ ಎಷ್ಟಿತ್ತು ಎಂದು ಕೇಳಿದರು. ಇನ್ನು ಕೆಲವರಿಗೆ, ಅಪ್ಪಳಿಸಿ ನುಚ್ಚುನೂರಾದಾಗ ವೇಗ ಎಷ್ಟಿತ್ತು ಎಂದು ಕೇಳಿದರು. ಒಂದು ವಾರ ಬಿಟ್ಟು, ಒಡೆದ ಗಾಜು ನೋಡಿದಿರಾ ಎಂದರು. ಚಿತ್ರದಲ್ಲಿ ಗಾಜು ಒಡೆದಿರಲೇ ಇಲ್ಲ. ಮೊದಲಿನ 50 ಜನರಲ್ಲಿ 7 ಮಂದಿ ನೋಡಿದೆವು ಎಂದರು. ನುಚ್ಚುನೂರಿನ 50 ಜನರಲ್ಲಿ 16 ಮಂದಿ. ಒಂದು ಪ್ರಶ್ನೆಗೆ ಅಮೆರಿಕದಲ್ಲಿ ಗಾಜು ಒಡೆಯುತ್ತದಾದರೆ, ಇಷ್ಟು ಪ್ರಶ್ನೆಗೆ ಆಲೂರಿನಲ್ಲಿ ಒಂದು ಆನೆ ಹುಟ್ಟುವುದು ದೊಡ್ಡದಲ್ಲ. "ದೊಡ್ಡಪ್ಪ, ಇನ್ನೊಂದು ಸಲ ಕೇಳಿದರೆ ನಿಮಗೆ ದಂತವೂ ಕಾಣುತ್ತೆ" ಎಂದಳು.

ಒಂದೇ ಸಲ ಕೇಳಬೇಕೆಂಬುದು ನಿಯಮವೇ ಹೌದು. ಅಪಘಾತದಲ್ಲಿ ನೆರವಿಗೆ ಬಂದವರನ್ನು ಪೀಡಿಸಬಾರದೆಂದು ಕೇಂದ್ರ ಸರ್ಕಾರ 2015ರಲ್ಲಿ ಮಾರ್ಗಸೂಚಿ ಹೊರಡಿಸಿತು. ಸುಪ್ರೀಂ ಕೋರ್ಟು 2016ರ ಮಾರ್ಚ್ 30ರಂದು ಅದಕ್ಕೆ ಮುದ್ರೆ ಒತ್ತಿತು. ನೆರವಾದವನು ತಾನಾಗಿ ಸಾಕ್ಷಿ ಹೇಳಲು ಒಪ್ಪಿದರೆ ಅವನನ್ನು ಒಂದೇ ಬಾರಿ ವಿಚಾರಿಸಬೇಕು. ಒಪ್ಪದಿದ್ದರೆ ಹೆಸರು, ವಿಳಾಸ ಹೇಳಲೂ ಬಲವಂತ ಮಾಡುವಂತಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ 134ಎ ಕಲಮು ಸೇರಿತು. ಕರ್ನಾಟಕವಂತೂ ಇದಕ್ಕೆಂದೇ ಸ್ವಂತ ಕಾಯ್ದೆ ಮಾಡಿಕೊಂಡಿದೆ. ಇದನ್ನೆಲ್ಲ ಪತ್ರಿಕೆಯಿಂದ ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಹೋಗಿ ಪೇದೆಯ ಮುಂದೆ ಹಿಡಿದೆ. ಅವರು ಶಾಂತವಾಗಿ ಓದಿದರು. "ಸರಿಯಾಗಿದೆ ಸಾರ್. ಒಂದೇ ಸಲ. ಇದು ಆ ಒಂದೇ ಸಲದ ಮುಂದುವರಿದ ಭಾಗ" ಎಂದರು.

ಅವರನ್ನು ದೂರಿ ಪ್ರಯೋಜನವಿಲ್ಲ. ಮೇಲಿನವರು ಕಡತ ವಾಪಸು ಕಳಿಸಿ "ಆನೆ ವಿಚಾರ ಸ್ಪಷ್ಟಪಡಿಸಿ" ಎಂದು ಬರೆದರೆ ಅವರು ಆನೆಯನ್ನು ಕೇಳುವಂತಿಲ್ಲ, ನನ್ನನ್ನೇ ಕೇಳಬೇಕು. ಇಷ್ಟು ದಿನದಲ್ಲಿ ನನಗೆ ತಿಳಿದದ್ದು ಒಂದೇ: ಮತ್ತೆ ಮತ್ತೆ ಕೇಳುವವರಿಗೆ ಬೇಕಾದದ್ದು ನಾವು ಕಂಡದ್ದಲ್ಲ. ಅವರ ಕಡತದಲ್ಲಿ ಖಾಲಿ ಬಿಟ್ಟಿರುವ ಜಾಗಕ್ಕೆ ಸರಿಹೊಂದುವುದು ಏನಾದರೂ ನಮ್ಮಲ್ಲಿದೆಯೇ ಎಂಬುದು.

ಆ ಜಾಗವನ್ನು ದಾಕ್ಷಿಣ್ಯಕ್ಕೆ ತುಂಬಿದರೆ ಕೋರ್ಟಿನಲ್ಲಿ ಗೊತ್ತಾಗುತ್ತದೆ. ಪೊಲೀಸರ ಮುಂದೆ ಕೊಟ್ಟ ಹೇಳಿಕೆಯಿಂದ ಮುಖ್ಯವಾಗಿ ಆಗುವ ಉಪಯೋಗ, ಎದುರು ವಕೀಲರು ಅದನ್ನೇ ಹಿಡಿದು ನಮ್ಮನ್ನು ಸುಳ್ಳುಗಾರರನ್ನಾಗಿ ಮಾಡುವುದು. ಹೇಳಿಕೆ ಹೆಚ್ಚಾದಷ್ಟೂ ಅವರಿಗೆ ಹಬ್ಬ. ಹಾಸನದ ಪರಿಚಯದ ವಕೀಲರೊಬ್ಬರು ನನ್ನ ಹೇಳಿಕೆಗಳ ನಕಲು ನೋಡಿ ತಲೆ ಚಚ್ಚಿಕೊಂಡರು. ಒಂದರಲ್ಲಿ ಅಪಘಾತ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಆಗಿದೆ, ಇನ್ನೊಂದರಲ್ಲಿ 48ರಲ್ಲಿ. ಎರಡೂ ಒಂದೇ ರಸ್ತೆ. ಹೊಸ ನಂಬರು ಬಂದು ವರ್ಷಗಳಾದರೂ ನನ್ನಂಥವರ ಬಾಯಲ್ಲಿ 48 ಹೋಗಿಲ್ಲ. "ಎರಡು ರಸ್ತೆಯಲ್ಲಿ ಒಂದೇ ಹೊತ್ತಿಗೆ ನಿಂತಿದ್ದಿರಿ ಎಂದರೆ ಸರಿಯೇ ಅಂತ ಕೇಳ್ತಾರೆ, ತಯಾರಾಗಿ" ಎಂದರು.

ಇಷ್ಟೆಲ್ಲ ಕೇಳಿ, ಇನ್ನು ಮುಂದೆ ರಸ್ತೆಯಲ್ಲಿ ಯಾರು ಬಿದ್ದರೂ ಕೊಡೆ ಅಡ್ಡ ಹಿಡಿದು ನಿಲ್ಲೋಣ ಎನಿಸಿದರೆ, ನೆಲಮಂಗಲವನ್ನು ಒಮ್ಮೆ ನೆನೆಯಿರಿ. 2016ರ ಫೆಬ್ರವರಿಯಲ್ಲಿ ಅಲ್ಲಿನ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ಎರಡು ತುಂಡಾದ ಹರೀಶ್ ಎಂಬ ಯುವಕ, ಸಾಯುವ ಮುನ್ನ ಸುತ್ತಲಿದ್ದವರಲ್ಲಿ ನೆರವು ಬೇಡಿದ, ತನ್ನ ಅಂಗಾಂಗಗಳನ್ನು ದಾನ ಮಾಡಿ ಎಂದ. ಅಪಘಾತವಾದವರಿಗೆ ಮೊದಲ 48 ಗಂಟೆ, 25 ಸಾವಿರ ರೂಪಾಯಿವರೆಗೆ ಉಚಿತ ಚಿಕಿತ್ಸೆ ಕೊಡಲು ಆಗ ರಾಜ್ಯ ಸರ್ಕಾರ ತಂದ ಯೋಜನೆಗೆ ಅವನ ಹೆಸರೇ ಬಂತು. ಅದರ ಮುಂದೆ ನನ್ನ ಮಂಡಿನೋವು ದೊಡ್ಡದಲ್ಲ. ನಮ್ಮ ಹಾಲಿನ ಹುಡುಗ ಈಗ ಮತ್ತೆ ಸ್ಕೂಟರ್ ಓಡಿಸುತ್ತಿದ್ದಾನೆ. ಅವನಿಗೆ ಸಿಗಬೇಕಾದ ಪರಿಹಾರ ಹಾಸನದಲ್ಲಿ ಒಂದು ಕಡತದಲ್ಲಿದೆ. ಆ ಕಡತದಲ್ಲಿ ನನ್ನ ಮಾತು ನಿಲ್ಲಬೇಕಾದರೆ ಅದು ನಾನು ಕಂಡಷ್ಟೇ ದಪ್ಪವಿರಬೇಕು.

ಆದ್ದರಿಂದ ಓದುಗರಲ್ಲಿ ನನ್ನದೊಂದು ವಿನಂತಿ. ಬಿದ್ದವರನ್ನು ಮೊದಲು ಎತ್ತಿ ಆಸ್ಪತ್ರೆಗೆ ಸೇರಿಸಿ. ಅವತ್ತು ರಾತ್ರಿಯೇ, ಯಾರೂ ಪ್ರಶ್ನೆ ಕೇಳುವ ಮೊದಲು, ಕಂಡದ್ದನ್ನು ನಿಮ್ಮ ಮಾತಿನಲ್ಲಿ ಒಂದು ಹಾಳೆಯಲ್ಲಿ ಬರೆದು ತಾರೀಖು ಹಾಕಿಡಿ. ಆಮೇಲೆ ಯಾರು ಎಷ್ಟು ಸಲ ಕೇಳಿದರೂ ಆ ಹಾಳೆಯಲ್ಲಿ ಇರುವಷ್ಟೇ ಹೇಳಿ. ಕಾಣದ್ದನ್ನು ಕಾಣಲಿಲ್ಲ ಎನ್ನಿ. ಅದೂ ಸಾಕ್ಷಿಯೇ.